ತುದಿ ಮುಟ್ಟುವ ಮಾತುಗಳು

ಕಡೂರು ತಾಲ್ಲೂಕಿನ ಬೀರೂರು ಒಂದು ರೈಲ್ವೆ ಜಂಕ್ಷನ್. ಬೆಂಗಳೂರಿನ ಕಡೆಯಿಂದ ಬಂದ ಹಳಿ ಅಲ್ಲಿ ಎರಡು ಕವಲಾಗುತ್ತದೆ. ಒಂದು ಕವಲು ತರೀಕೆರೆಯನ್ನು ಹಾದು ಶಿವಮೊಗ್ಗೆಯ ಕಡೆಗೆ ಹೋಗುತ್ತದೆ. ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ದಿಕ್ಕಿಗೆ ಸಾಗುತ್ತದೆ. ತರೀಕೆರೆಯ ಗಾಡಿಯಲ್ಲಿ ಎಡಗಡೆಯ ಕಿಟಕಿಯ ಬಳಿ ಕುಳಿತವರಿಗೆ ದೂರದಲ್ಲಿ ನೀಲಿಬಣ್ಣದ ಬೆಟ್ಟದ ಸಾಲೊಂದು ಬಹಳ ಹೊತ್ತಿನವರೆಗೆ ಜೊತೆಯಲ್ಲಿಯೇ ಬರುತ್ತದೆ. ಅದು ಚಂದ್ರದ್ರೋಣ ಪರ್ವತ. ಬಾಬಾಬುಡನ್‌ಗಿರಿಯೂ, ಕರ್ನಾಟಕದಲ್ಲಿಯೇ ಅತ್ಯಂತ ಎತ್ತರವಾದ, ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಈ ಸಾಲಿನಲ್ಲಿಯೇ ಇವೆ. ಬಲಗಡೆಗೆ ನೋಡಿದರೆ ರಾಗಿಯ ಹೊಲ, ತೆಂಗಿನ ತೋಟ, ಈರುಳ್ಳಿಯ ಪಾತಿಗಳ ಬಯಲು. ಒಂದು ಕಡೆ ಮಲೆ, ಇನ್ನೊಂದು ಕಡೆ ಮೈದಾನ. ಎರಡರ ನಡುವೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ.

ಇಂತಹ ಸೀಮೆಯಲ್ಲಿ ಎತ್ತರವನ್ನು ಕುರಿತ ಮಾತುಗಳು ಹಲವು ಇರುವುದು ಸಹಜ. ಆದರೆ ಅವುಗಳಲ್ಲಿ ಬೆಟ್ಟದಿಂದ ಬಂದವು ನಿರೀಕ್ಷಿಸಿದಷ್ಟಿಲ್ಲ. ಕೆರೆಯಿಂದ, ಕೊಟ್ಟಿಗೆಯಿಂದ, ತೋಟದಿಂದ, ಗುಡಿಯಿಂದ ಬಂದವೇ ಹೆಚ್ಚು. ಒಂದು ವಸ್ತು, ಒಂದು ಗುಣ ಅಥವಾ ಒಂದು ಕಾರ್ಯ ತನ್ನ ಅತ್ಯಂತ ಎತ್ತರದ ನೆಲೆಗೆ ಬಂದಾಗ ಅದನ್ನು ಏನೆಂದು ಹೇಳಬೇಕು? ಇಂದಿನ ವಾರ್ತಾಪತ್ರಿಕೆಗಳನ್ನು ಓದಿದರೆ ‘ಉತ್ತುಂಗಕ್ಕೇರಿತು’ ಎಂಬ ಒಂದೇ ಮಾತು ಈರುಳ್ಳಿಯ ಬೆಲೆಗೂ, ಚುನಾವಣೆಯ ಪ್ರಚಾರಕ್ಕೂ, ಗಾಯಕನ ಕೀರ್ತಿಗೂ, ಸಾಂಕ್ರಾಮಿಕ ರೋಗಕ್ಕೂ ಬಳಕೆಯಾಗಿರುವುದು ಕಾಣುತ್ತದೆ. ಉತ್ತುಂಗವೆಂದರೆ ಬಹು ಎತ್ತರವಾದುದು. ಆದುದರಿಂದ ಮಾತು ತಪ್ಪೆನ್ನುವಂತಿಲ್ಲ. ಆದರೆ ಏರಿದ್ದು ಎಂತಹುದು, ಏರಿದ ಮೇಲೆ ಏನಾಗಲಿದೆ ಎಂಬ ಎರಡು ಸಂಗತಿಗಳನ್ನು ಅದು ತಿಳಿಸುವುದಿಲ್ಲ. ಕನ್ನಡದ ಹಳೆಯ ಮಾತುಗಳು ಅವೆರಡನ್ನೂ ತಿಳಿಸುತ್ತವೆ.

ಮೊದಲು ಕ್ರಿಯಾಪದಗಳನ್ನು ನೋಡಬಹುದು. ಮೇಲಕ್ಕೆ ಹೋಗುವುದನ್ನು ಹೇಳಲು ಕನ್ನಡದಲ್ಲಿ ‘ಹತ್ತು’, ‘ಏರು’ ಎಂಬ ಎರಡು ಮಾತುಗಳು ಮುಖ್ಯವಾದವು. ಮೇಲುನೋಟಕ್ಕೆ ಇವೆರಡರ ಅರ್ಥ ಒಂದೇ. ಚಂದ್ರದ್ರೋಣ ಸಾಲಿನ ದೇವಿರಮ್ಮನ ಬೆಟ್ಟವನ್ನು ಭಕ್ತರು ದೀಪಾವಳಿಯ ಕಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹತ್ತುತ್ತಾರೆ. ಹಿಂದಿರುಗಿದವರು ‘ಬೆಟ್ಟ ಹತ್ತಿ ಬಂದೆವು’ ಎಂದು ಹೇಳುತ್ತಾರೆಯೇ ಹೊರತು ಶಿಖರಾರೋಹಣ ಮಾಡಿದೆವೆಂದು ಯಾರೂ ಹೇಳುವುದಿಲ್ಲ. ಹತ್ತು ಎಂಬ ಧಾತುವಿಗೆ ಅಂಟು, ತಗುಲು ಎಂಬ ಅರ್ಥವೂ ಉಂಟು. ಬೆಂಕಿ ಹತ್ತುತ್ತದೆ, ಬಟ್ಟೆಗೆ ಬಣ್ಣ ಹತ್ತುತ್ತದೆ, ಒಲೆಯ ಮೇಲೆ ಮರೆತ ಅನ್ನ ತಳ ಹತ್ತುತ್ತದೆ. ಕಲ್ಲಿಗೆ ಕಾಲು ತಗುಲಿಸಿ, ಬೇರಿಗೆ ಕೈ ತಗುಲಿಸಿ, ಹೆಜ್ಜೆಹೆಜ್ಜೆಗೆ ನೆಲವನ್ನು ಮುಟ್ಟುತ್ತ ಮೇಲೆ ಹೋಗುವವನು ಬೆಟ್ಟವನ್ನು ಹತ್ತುತ್ತಾನೆ. ಮರ ಹತ್ತುವವನೂ ಹಾಗೆಯೇ, ಬೀರೂರಿನಲ್ಲಿ ರೈಲು ಹತ್ತುವವನೂ ಹಾಗೆಯೇ.

ಏರುವುದಕ್ಕೆ ಕೈಕಾಲು ಬೇಕಾಗಿಲ್ಲ. ಬಿಸಿಲು ಏರುತ್ತದೆ, ಜ್ವರ ಏರುತ್ತದೆ, ಹೊಳೆಯ ನೀರು ಏರುತ್ತದೆ, ಬೆಲೆ ಏರುತ್ತದೆ. ಇವುಗಳಲ್ಲಿ ಯಾವುದನ್ನೂ ಹತ್ತಿತು ಎನ್ನಲಾಗದು. ಸಭೆಯಲ್ಲಿ ಚರ್ಚೆ ಕಾವೇರುತ್ತದೆ. ರಾತ್ರಿಯ ಎರಡನೆಯ ಜಾವಕ್ಕೆ ಬಯಲಾಟ ರಂಗೇರುತ್ತದೆ. ಜೊತೆಗೆ ಏರು ಎಂಬ ಮಾತಿನಲ್ಲಿ ಒಂದು ಗೌರವವೂ ಇದೆ. ಅರಸನು ರಥವನ್ನೂ ಸಿಂಹಾಸನವನ್ನೂ ಏರುತ್ತಾನೆ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಹಿಮವನ್ನು ಕಡಿಯುತ್ತ, ಒಂದೊಂದು ಹೆಜ್ಜೆಯನ್ನೂ ಸಂಪಾದಿಸುತ್ತ ಮೇಲೆ ಹೋದವರು. ಶ್ರಮವನ್ನು ಎಣಿಸಿದರೆ ಅವರು ಎವರೆಸ್ಟನ್ನು ಹತ್ತಿದರು ಎಂದೇ ಹೇಳಬೇಕು. ಆದರೂ ಬರೆಯುವವರ ಲೇಖನಿಯಿಂದ ‘ಏರಿದರು’ ಎಂಬ ಮಾತೇ ಹೊರಡುತ್ತದೆ.

ಇದೇ ಮಾತು ಇನ್ನೊಂದು ಕಡೆಯಲ್ಲಿಯೂ ಬರುತ್ತದೆಯೆಂಬುದನ್ನು ತರೀಕೆರೆಯ ಇತಿಹಾಸ ನೆನಪಿಗೆ ತರುತ್ತದೆ. ತರೀಕೆರೆಯನ್ನು ಹಿಂದೆ ಪಾಳೆಯಗಾರರು ಆಳುತ್ತಿದ್ದರು. 1830ರಲ್ಲಿ ಮೈಸೂರು ಸಂಸ್ಥಾನದ ನಗರ ಪ್ರಾಂತದಲ್ಲಿ ರೈತರ ದಂಗೆ ಎದ್ದಾಗ ಆ ಮನೆತನದವರೂ ಅದರಲ್ಲಿ ಸೇರಿದರು. ಅವರಲ್ಲಿ ಸರ್ಜಾ ಹನುಮಪ್ಪ ನಾಯಕನು ಬಹುಕಾಲ ಸೆರೆಸಿಕ್ಕದೆ ಉಳಿದು, ಕಡೆಗೆ 1834ರಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದನು. ಪಟ್ಟವನ್ನೇರಬೇಕಾಗಿದ್ದವನು ಗಲ್ಲನ್ನೇರಿದನು. ಎರಡು ಸ್ಥಳಕ್ಕೂ ಕನ್ನಡ ಒಂದೇ ಕ್ರಿಯಾಪದವನ್ನು ಇಟ್ಟಿರುವುದು ಕ್ರೂರವೆಂದು ತೋರಬಹುದು. ಆದರೆ ದೇಶಕ್ಕಾಗಿ ಸತ್ತವರನ್ನು ಕುರಿತು ‘ಗಲ್ಲಿಗೇರಿದರು’ ಎಂದು ಹೇಳುವಾಗ ಆ ಏರು ಎಂಬ ಮಾತಿನ ಹಳೆಯ ಗೌರವ ಪೂರ್ತಿಯಾಗಿ ಮಾಸಿರುವುದಿಲ್ಲ.

ಏರು ಎಂಬುದರಿಂದಲೇ ‘ಏರಿ’ ಎಂಬ ನಾಮಪದ ಬಂದಿದೆ. ಕೆರೆಯ ನೀರನ್ನು ತಡೆಯಲು ಎತ್ತರವಾಗಿ ಹಾಕಿದ ಮಣ್ಣಿನ ಕಟ್ಟೆಯೇ ಏರಿ. ತರೀಕೆರೆಯ ಏರಿಯ ಮೇಲೆ ಮೇಯುವ ಕುರಿಮರಿಗಳನ್ನು ಕುರಿತ, ನಾಲಗೆ ತೊಡರುವ ಆ ಮಾತನ್ನು ಬೇಗಬೇಗನೆ ಹೇಳಲು ಹೋಗಿ ನಗೆಗೀಡಾಗದ ಕನ್ನಡದ ಮಗು ವಿರಳ. ಆ ಆಟದ ಮಾತಿನಲ್ಲಿ ಊರಿನ ಹೆಸರಿನಲ್ಲಿಯೇ ಕೆರೆಯಿದೆ, ಕೆರೆಯ ಮೇಲೆ ಏರಿಯಿದೆ. ಹೇಳುವವರ ಗಮನವೆಲ್ಲ ರಕಾರಗಳ ಮೇಲಿರುವುದರಿಂದ ಏರಿಯೆಂದರೆ ಏನೆಂದು ಕೇಳುವ ಮಕ್ಕಳು ಕಡಿಮೆ.

ಈ ಸೀಮೆಯಲ್ಲಿ ಕೆರೆಗೆ ಇರುವ ಮಹತ್ವವನ್ನು ತಿಳಿಯಬೇಕಾದರೆ ನೀರು ಬರುವ ದಾರಿಯನ್ನು ನೋಡಬೇಕು. ಮುಂಗಾರಿನ ಮೋಡಗಳು ಪಡುವಣದಿಂದ ಬಂದು ಬೆಟ್ಟದ ಸಾಲಿಗೆ ತಗುಲಿ ಅಲ್ಲಿಯೇ ಬಹುಪಾಲು ಮಳೆಯನ್ನು ಸುರಿಸಿಬಿಡುತ್ತವೆ. ಸಾಲಿನ ಮೂಡಲಿಗಿರುವ ಕಡೂರಿನ ಬಯಲಿಗೆ ಉಳಿಯುವುದು ಸ್ವಲ್ಪ. ಆದರೆ ಬೆಟ್ಟದ ಮೇಲೆ ಬಿದ್ದ ನೀರಿನಲ್ಲಿ ಒಂದು ಭಾಗ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳಾಗಿ ಮೂಡಲಿಗೆ ಹರಿಯುತ್ತದೆ. ವೇದೆಯ ನೀರನ್ನು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೂ, ಆವತಿಯ ನೀರನ್ನು ಮದಗದ ಕೆರೆಯೂ ಹಿಡಿದು ನಿಲ್ಲಿಸುತ್ತವೆ. ಮುಂದೆ ಹೊಳೆಗಳೆರಡೂ ಕೂಡಿ ವೇದಾವತಿಯಾಗುತ್ತವೆ. ಬಯಲಿನಲ್ಲಿ ಒಂದು ಹನಿಯೂ ಬೀಳದ ದಿನ ಬೆಟ್ಟದ ಮಳೆಯಿಂದ ಕೆರೆ ತುಂಬುವುದೆಂದರೆ ಜನರಿಗೆ ಅದು ಪವಾಡದಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮದಗದ ಕೆರೆಗೆ ಮಳೆ ಬಂದ ಬಗೆಯನ್ನು ಹಾಡುವ ಜನಪದಗೀತೆ ಕನ್ನಡನಾಡಿನಲ್ಲೆಲ್ಲ ಹರಡಿರುವುದಕ್ಕೆ ಅದರ ಧಾಟಿಯೊಂದೇ ಕಾರಣವಾಗಿರಲಾರದು.

ಕೆರೆ ತನ್ನ ಎತ್ತರದ ನೆಲೆಯನ್ನು ಮುಟ್ಟಿದಾಗ ಜನರು ಏನೆನ್ನುತ್ತಾರೆ? ‘ಕೆರೆ ಏರಿ ಮುಟ್ಟಿತು’ ಎಂದು ಸಂತೋಷದಿಂದ ಹೇಳುವವರಿಲ್ಲ. ‘ಕೆರೆ ಕೋಡಿ ಬಿತ್ತು’ ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿದುಹೋಗಲು ಮಾಡಿದ ದಾರಿಯೇ ಕೋಡಿ. ಅದನ್ನು ಸಾಮಾನ್ಯವಾಗಿ ಏರಿಯ ಒಂದು ಕೊನೆಯಲ್ಲಿ ಗಟ್ಟಿನೆಲವನ್ನು ನೋಡಿ ಕಲ್ಲಿನಿಂದ ಕಟ್ಟುತ್ತಾರೆ. ಅದರ ಮಟ್ಟ ಏರಿಯ ನೆತ್ತಿಗಿಂತ ತಗ್ಗಿನಲ್ಲಿರಬೇಕು. ಎಷ್ಟು ತಗ್ಗಿನಲ್ಲಿರಬೇಕೆಂಬುದೇ ಕೆರೆ ಕಟ್ಟುವವನ ಜಾಣತನ. ಬಹಳ ತಗ್ಗಾದರೆ ಕೆರೆಯಲ್ಲಿ ನೀರು ನಿಲ್ಲದೆ ವ್ಯರ್ಥವಾಗುತ್ತದೆ. ಸಾಲದಷ್ಟು ತಗ್ಗಿಲ್ಲದಿದ್ದರೆ ಒಂದು ರಾತ್ರಿಯ ಜಡಿಮಳೆಗೆ ನೀರು ಏರಿಯ ಮೇಲೆಯೇ ಹಾಯುತ್ತದೆ. ಏರಿ ಮಣ್ಣಿನದು, ಅದರ ಮೇಲೆ ಹಾದ ನೀರು ಮೊದಲು ಹಿಂಬದಿಯ ಮಣ್ಣನ್ನು ಕೊರೆಯುತ್ತದೆ, ಬಳಿಕ ಕೊರಕಲು ಹಿಂದಕ್ಕೆ ಸರಿಯುತ್ತ ಬರುತ್ತದೆ, ನೋಡನೋಡುತ್ತಿದ್ದಂತೆ ಏರಿ ಒಡೆಯುತ್ತದೆ. ಆಗ ಕೆಳಗಿನ ಗದ್ದೆ, ತೋಟ, ಹಟ್ಟಿಗಳಿಗೆ ಉಳಿಗಾಲವಿಲ್ಲ.

ಹೀಗೆ ಕೆರೆಯ ಮಟ್ಟಿಗೆ ಅತ್ಯಂತ ಎತ್ತರದ ಜಾಗ ಒಂದು, ಮುಟ್ಟಬೇಕಾದ ಎತ್ತರ ಇನ್ನೊಂದು. ಕೋಡಿ ಬಿದ್ದಾಗ ಊರವರು ಕೆರೆಗೆ ಹೋಗಿ ಪೂಜೆ ಮಾಡಿ ಬಾಗಿನ ಅರ್ಪಿಸುತ್ತಾರೆ. ಕೋಡಿಯಿಂದ ಹೊರಟ ನೀರು ಹಳ್ಳದಲ್ಲಿ ಹರಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತದೆ. ಅದು ತುಂಬಿದರೆ ಅದರ ಕೋಡಿಯ ನೀರು ಮತ್ತೂ ಕೆಳಗಿನ ಕೆರೆಗೆ. ನೀರು ಏರಿಯನ್ನು ಮುಟ್ಟಿತೆಂಬ ಸುದ್ದಿ ಬಂದಾಗ ಮಾತ್ರ ಗುದ್ದಲಿ, ಮಂಕರಿ, ಗೋಣಿಚೀಲಗಳನ್ನು ಹಿಡಿದು ಓಡುತ್ತಾರೆ. ಎರಡೂ ನೀರಿನ ಏರಿಕೆಯೇ. ‘ಕೆರೆಯ ನೀರು ಉತ್ತುಂಗಕ್ಕೇರಿತು’ ಎಂದು ಬರೆದರೆ ಓದಿದವನು ಬಾಗಿನವನ್ನು ಹಿಡಿಯಬೇಕೋ ಗುದ್ದಲಿಯನ್ನು ಹಿಡಿಯಬೇಕೋ ತಿಳಿಯುವುದಿಲ್ಲ.

ಕೆರೆಯ ಈ ಅನುಭವ ಮನಸ್ಸಿನ ಸ್ಥಿತಿಗಳನ್ನು ಹೇಳುವ ಮಾತುಗಳಿಗೂ ಬಂದಿದೆ. ದುಃಖ ತುಂಬಿ ಹರಿದಾಗ ಕಣ್ಣೀರು ಕೋಡಿಯಾಗಿ ಹರಿಯಿತು ಎನ್ನುತ್ತಾರೆ. ಸಹನೆಯನ್ನು ಕುರಿತು ಹೀಗೆ ಹೇಳುವುದಿಲ್ಲ. ಸಹನೆಯ ಕಟ್ಟೆ ಒಡೆಯಿತು ಎನ್ನುತ್ತಾರೆ. ಕಣ್ಣೀರಿಗೆ ಹೊರಹೋಗಲು ದಾರಿಯುಂಟು, ಹರಿದ ಮೇಲೆ ಮನಸ್ಸು ಹಗುರವಾಗುತ್ತದೆ. ಬಹುಕಾಲ ತಡೆದಿಟ್ಟ ಕೋಪಕ್ಕೆ ಕೋಡಿಯಿಲ್ಲದಿದ್ದರೆ ಅದು ಕಟ್ಟೆಯನ್ನೇ ಒಯ್ಯುತ್ತದೆ. ಈ ಭೇದವನ್ನು ಯಾವ ವ್ಯಾಕರಣಕಾರನೂ ವಿಧಿಸಿದುದಲ್ಲ. ಏರಿಯ ಮೇಲೆ ನಿಂತು ನೀರನ್ನು ನೋಡಿದ ಜನರ ಬಾಯಲ್ಲಿ ಅದು ತಾನಾಗಿ ನಿಂತಿದೆ.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಕೆಲವು ಮಾತುಗಳಲ್ಲಿಯೂ ಹೀಗೆಯೇ ಎಲ್ಲೆಯ ಭಾವವಿದೆ. ‘ಪರಮಾವಧಿ’ ಎಂದರೆ ಕಟ್ಟಕಡೆಯ ಮೇರೆ. ‘ಪರಾಕಾಷ್ಠೆ’ ಎಂಬುದನ್ನು ಹಲವರು ತಪ್ಪಾಗಿ ಬರೆಯುವುದಲ್ಲದೆ, ಕಟ್ಟಿಗೆ ಎಂಬ ಅರ್ಥದ ಕಾಷ್ಠ ಶಬ್ದಕ್ಕೂ ಅದಕ್ಕೂ ಏನೋ ಸಂಬಂಧವಿರಬೇಕೆಂದು ಊಹಿಸುತ್ತಾರೆ. ಇಲ್ಲಿರುವುದು ದೀರ್ಘಾಂತವಾದ ಕಾಷ್ಠಾ. ಓಟದ ಬಯಲು, ಆ ಬಯಲಿನ ಕೊನೆಯ ಗುರಿ, ಎಲ್ಲೆ ಎಂಬುವು ಅದರ ಅರ್ಥಗಳು. ಪರಾಕಾಷ್ಠೆಯನ್ನು ಮುಟ್ಟುವುದೆಂದರೆ ಓಟಗಾರನು ಕೊನೆಯ ಗೆರೆಯನ್ನು ಮುಟ್ಟುವಂತೆ. ಈ ಮಾತು ಹುಟ್ಟಲು ಬೆಟ್ಟವೇ ಬೇಕಾಗಿರಲಿಲ್ಲ. ಕಡೂರಿನಂತಹ ಸಮತಟ್ಟಾದ ಬಯಲು ಸಾಕಾಗಿತ್ತು.

ಬಳಕೆಯಲ್ಲಿ ಎಲ್ಲೆಯ ಮಾತುಗಳು ಬಹುಮಟ್ಟಿಗೆ ಕೆಟ್ಟದ್ದರ ಕಡೆಗೆ ವಾಲಿರುವುದನ್ನು ಗಮನಿಸಬೇಕು. ಮೂರ್ಖತನದ ಪರಮಾವಧಿ, ಕ್ರೌರ್ಯದ ಪರಾಕಾಷ್ಠೆ ಎನ್ನುವುದೇ ರೂಢಿ. ಭಕ್ತಿಯ ಪರಾಕಾಷ್ಠೆ ಎನ್ನುವುದುಂಟಾದರೂ ಅಲ್ಲಿಯೂ ಸಾಮಾನ್ಯರಿಂದ ಆಗದ, ಅಳತೆ ಮೀರಿದ ಭಕ್ತಿಯೆಂಬ ಧ್ವನಿಯಿದೆ. ಜ್ಞಾನದ ಪರಮಾವಧಿ ಎಂದು ಯಾರನ್ನಾದರೂ ಹೊಗಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ಜಗಳಕ್ಕೆ ಬೇರೆಯೇ ಒಂದು ಮಾತಿದೆ: ಅದು ತಾರಕಕ್ಕೇರುತ್ತದೆ. ಸಂಗೀತದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿಗಳು. ಮಂದ್ರದ ನೆಲೆ ಎದೆ, ಮಧ್ಯದ ನೆಲೆ ಕಂಠ, ತಾರದ ನೆಲೆ ತಲೆ ಎಂದು ಶಾಸ್ತ್ರಕಾರರು ಹೇಳಿದ್ದಾರೆ. ಜಗಳವಾಡುವವರ ದನಿ ಎದೆಯಿಂದ ಗಂಟಲಿಗೆ, ಗಂಟಲಿನಿಂದ ತಲೆಗೆ ಏರಿ ಕೀರಲಾಗುವುದನ್ನು ಕೇಳಿದವರಿಗೆ ಈ ಮಾತು ಎಷ್ಟು ನಿಖರವಾದುದೆಂದು ವಿವರಿಸಬೇಕಾಗಿಲ್ಲ.

ರೋಗಕ್ಕೆ ‘ಉಲ್ಬಣ’ ಎಂಬ ಮಾತಿತ್ತು. ರೋಗ ಉಲ್ಬಣಿಸಿತು, ಜ್ವರ ಉಲ್ಬಣಿಸಿತು ಎಂದರೆ ಮನೆಯವರು ಎಚ್ಚೆತ್ತು ವೈದ್ಯನ ಮನೆಗೆ ಓಡುತ್ತಿದ್ದರು. 2020 ಮತ್ತು 2021ರಲ್ಲಿ ಕೋವಿಡ್ ಹರಡಿದ್ದ ದಿನಗಳಲ್ಲಿ ಸೋಂಕಿನ ಏರಿಕೆಯನ್ನು ಗೆರೆಚಿತ್ರಗಳಲ್ಲಿ ತೋರಿಸುವುದು ವಾಡಿಕೆಯಾಯಿತು. ಗೆರೆ ಬೆಟ್ಟದಂತೆ ಏರಿ ಇಳಿಯುತ್ತಿದ್ದುದರಿಂದ ಅದರ ನೆತ್ತಿಯನ್ನು ಶಿಖರವೆಂದೂ ಉತ್ತುಂಗವೆಂದೂ ಕರೆದರು. ಗೆರೆಗೆ ಆ ಹೆಸರು ಸರಿಯೇ. ಆದರೆ ಮನೆಮನೆಯಲ್ಲಿ ಜನರು ಸಾಯುತ್ತಿದ್ದಾಗ, ಕಲಾವಿದನ ಸಾಧನೆಗೆ ಹಾಕುವ ಹಾರವನ್ನೇ ರೋಗದ ಕೊರಳಿಗೂ ಹಾಕಿದಂತೆ ಆ ಮಾತು ಕಿವಿಗೆ ಬಡಿಯುತ್ತಿತ್ತು. ವಿಜ್ಞಾನದ ಬರವಣಿಗೆಯಲ್ಲಿ ಗೆರೆಯನ್ನು ಕುರಿತು ಹೇಳುವಾಗ ಶಿಖರವೆನ್ನಲಿ. ರೋಗಿಯನ್ನು ಕುರಿತು ಹೇಳುವಾಗ ಉಲ್ಬಣವೇ ಇರಲಿ ಎಂದು ಅಪೇಕ್ಷಿಸುವುದು ಹಳೆಯ ಕಾಲದವರ ಹಟವೆನಿಸಬೇಕಾಗಿಲ್ಲ.

ಎಲ್ಲೆಯ ಮಾತುಗಳಿಂದ ಈಗ ತುದಿಯ ಮಾತುಗಳಿಗೆ ಬರಬಹುದು. ಅಜ್ಜಂಪುರವು ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಇತ್ತೀಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಗಿದೆ. ಅಲ್ಲಿ ಅಮೃತಮಹಲ್ ರಾಸುಗಳ ತಳಿಸಂವರ್ಧನ ಕೇಂದ್ರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರನ್ನಿಟ್ಟನು. ಯುದ್ಧದಲ್ಲಿ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದುಕೊಂಡು ದಣಿವಿಲ್ಲದೆ ದೂರದೂರ ನಡೆಯುತ್ತಿದ್ದ ಎತ್ತುಗಳು ಈ ತಳಿಯವು. ಇವುಗಳನ್ನು ಒಮ್ಮೆ ನೋಡಿದವರು ಮರೆಯಲಾಗದುದೆಂದರೆ ಕೋಡುಗಳು. ಉದ್ದವಾದ ಆ ಕೋಡುಗಳು ಬುಡದಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ತಿರುಗಿ, ಸೂಜಿಯಂತಹ ಮೊನೆಗಳಲ್ಲಿ ಮುಗಿಯುತ್ತವೆ. ಕಾವಲಿನ ಹುಲ್ಲಿನಲ್ಲಿ ಹಿಂಡು ಮೇಯುತ್ತಿರುವಾಗ ಮೈ ಕಾಣುವುದಕ್ಕಿಂತ ಮುಂಚೆ ಈ ಮೊನೆಗಳ ಸಾಲು ಕಾಣುತ್ತದೆ.

ಕನ್ನಡದಲ್ಲಿ ಪಶುವಿನ ಕೊಂಬಿಗೂ ಬೆಟ್ಟದ ತುದಿಗೂ ‘ಕೋಡು’ ಎಂದೇ ಹೆಸರು. ಬೆಟ್ಟದ ನೆತ್ತಿಯಲ್ಲಿ ಮೊನಚಾಗಿ ಎದ್ದ ಬಂಡೆ ಕೋಡುಗಲ್ಲು. ಸಂಸ್ಕೃತದ ‘ಶೃಂಗ’ ಶಬ್ದಕ್ಕೂ ಇವೇ ಎರಡು ಅರ್ಥಗಳು. ಇದೇ ಜಿಲ್ಲೆಯ ಶೃಂಗೇರಿಯ ಹೆಸರನ್ನು ತಲೆಯಲ್ಲಿ ಕೋಡಿದ್ದ ಋಷ್ಯಶೃಂಗ ಮುನಿಯ ಕಥೆಯೊಡನೆ ಸೇರಿಸುವ ಸಂಪ್ರದಾಯವಿದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಜರ್ಮನ್ ಭಾಷೆಯವರು ಮ್ಯಾಟರ್‌ಹಾರ್ನ್ ಎಂದು ಕರೆಯುವ ಶಿಖರದ ಹೆಸರಿನಲ್ಲಿರುವ ಹಾರ್ನ್ ಎಂಬುದೂ ಕೋಡೇ. ಒಬ್ಬರನ್ನೊಬ್ಬರು ಕಾಣದ ಜನಗಳು ಬೇರೆಬೇರೆ ದೇಶಗಳಲ್ಲಿ ದನ ಮೇಯಿಸುತ್ತ, ತಲೆಯೆತ್ತಿ ಬೆಟ್ಟವನ್ನು ನೋಡಿ, ಕಣ್ಣೆದುರಿನ ಪಶುವಿನ ತಲೆಯನ್ನೇ ನೆನೆದುಕೊಂಡರು. ‘ಅವನಿಗೇನು ಕೋಡು ಮೂಡಿದೆಯೇ?’ ಎಂದು ಕೇಳಿದಾಗ ಮಾತ್ರ ಕನ್ನಡದ ಕೋಡು ಹೊಗಳಿಕೆಯಿಂದ ಅಣಕಕ್ಕೆ ಇಳಿಯುತ್ತದೆ. ಮನುಷ್ಯನ ತಲೆಗೆ ಅಂತಹ ತುದಿ ಸಲ್ಲದೆಂಬುದು ಆ ಪ್ರಶ್ನೆಯ ಇಂಗಿತ.

ಮನುಷ್ಯನ ತಲೆಯ ತುದಿಗೆ ನೆತ್ತಿಯೆಂದು ಹೆಸರು. ಅದನ್ನು ಕನ್ನಡಿಗರು ಧಾರಾಳವಾಗಿ ಬೆಟ್ಟಕ್ಕೂ ಆಕಾಶಕ್ಕೂ ಕೊಟ್ಟಿದ್ದಾರೆ. ನಡುಹಗಲಿನಲ್ಲಿ ಸೂರ್ಯನು ನೆತ್ತಿಗೆ ಬರುತ್ತಾನೆ. ಇಂಗ್ಲಿಷಿನ ಜೆನಿತ್ ಎಂಬ ಮಾತು ಅರಬ್ಬೀ ಭಾಷೆಯಿಂದ ಹೊರಟು ಯುರೋಪನ್ನು ಸೇರಿದುದು. ಅರಬ್ಬೀ ಮೂಲದಲ್ಲಿ ಅದರ ಅರ್ಥ ತಲೆಯ ಮೇಲಣ ದಾರಿ ಎಂದು. ಖಗೋಳ ವಿದ್ವಾಂಸರು ಹುಡುಕಿಕೊಂಡ ಮಾತೂ ರಾಗಿಯ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು ಹೊತ್ತನ್ನು ಅಳೆಯಲು ಬಳಸುವ ಮಾತೂ ಹೀಗೆ ಒಂದೇ ಅಂಗವನ್ನು ಆಶ್ರಯಿಸಿವೆ. ನಾಟಕ, ಚಲನಚಿತ್ರಗಳ ಮಾತಿನಲ್ಲಿ ಕನ್ನಡಕ್ಕೂ ಬಂದಿರುವ ಕ್ಲೈಮ್ಯಾಕ್ಸ್ ಎಂಬುದು ಗ್ರೀಕ್ ಭಾಷೆಯಲ್ಲಿ ಏಣಿಯ ಹೆಸರು. ಏಣಿಯ ಒಂದೊಂದೇ ಮೆಟ್ಟಿಲಿನಂತೆ ಮಾತನ್ನು ಮೇಲೇರಿಸುವ ರಚನೆಗೆ ಮೊದಲು ಆ ಹೆಸರಿದ್ದು, ಬಳಿಕ ಕೊನೆಯ ಮೆಟ್ಟಿಲಿಗೆ ಮಾತ್ರ ನಿಂತಿತು.

ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರದಲ್ಲಿ ಹೊಯ್ಸಳರ ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವಿದೆ. ಕಡೆದು ನುಣುಪು ಮಾಡಿದ ಅದರ ಕಂಬಗಳ ಸಾಲನ್ನು ದಾಟಿ ಹೊರಗೆ ಬಂದು ಗರ್ಭಗುಡಿಯ ಮೇಲ್ಭಾಗವನ್ನು ನೋಡಿದರೆ ‘ಶಿಖರ’ ಎಂಬ ಮಾತಿನ ಅರ್ಥ ಕಣ್ಣಿಗೆ ಕಟ್ಟುತ್ತದೆ. ಅದು ಒಮ್ಮೆಗೇ ಎದ್ದುದಲ್ಲ. ಅಂತಸ್ತಿನ ಮೇಲೆ ಅಂತಸ್ತು, ಪ್ರತಿಯೊಂದೂ ಕೆಳಗಿನದಕ್ಕಿಂತ ಕಿರಿದಾಗುತ್ತ ಹೋಗುತ್ತದೆ. ಇಂತಹ ಗುಡಿಗಳಲ್ಲಿ ಎಲ್ಲಕ್ಕಿಂತ ಮೇಲೆ ಇಡುವುದು ಕಲಶ. ಅಡಿಪಾಯದ ಕಲ್ಲುಗಳ ಮುಂದೆ ಅದು ತೀರ ಚಿಕ್ಕದು. ಆದರೆ ಅದನ್ನಿಡುವವರೆಗೆ ಗುಡಿ ಮುಗಿದಂತಾಗುವುದಿಲ್ಲ. ಆದುದರಿಂದಲೇ ಕವಿಯ ಅತ್ಯುತ್ತಮ ಕೃತಿಯನ್ನು ಅವನ ಇತರ ಕೃತಿಗಳಿಗೆ ಕಲಶಪ್ರಾಯವಾದುದು ಎನ್ನುತ್ತಾರೆ. ಕೆಳಗಿನ ಕಲ್ಲುಗಳ ನೆನಪಿಲ್ಲದೆ ಹೀಗೆ ಹೇಳಲಾಗದು. ಒಂದೇ ಪದ್ಯವನ್ನು ಬರೆದವನ ಪದ್ಯ ಎಷ್ಟು ಚೆನ್ನಾಗಿದ್ದರೂ ಕಲಶಪ್ರಾಯವೆನ್ನಿಸಿಕೊಳ್ಳಲಾರದು.

ಅಮೃತಾಪುರದ ದೊಡ್ಡ ಶಾಸನದ ಪದ್ಯಗಳು ಜನ್ನನವು. ಬಲ್ಲಾಳನ ಆಸ್ಥಾನದಲ್ಲಿ ಅವನು ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಕವಿಗಳ ಪಾಲಿಗೆ ಅದಕ್ಕಿಂತ ಮೇಲಿನ ಗದ್ದುಗೆಯಿರಲಿಲ್ಲ. ಬಲ್ಲಾಳನ ಕಾಲವನ್ನು ಇತಿಹಾಸಕಾರರು ಹೊಯ್ಸಳರ ಉಚ್ಛ್ರಾಯಕಾಲವೆಂದು ಕರೆಯುತ್ತಾರೆ. ಉಚ್ಛ್ರಾಯವೆಂದರೆ ಎತ್ತರ, ಏಳಿಗೆ. ಈ ಮಾತಿನ ಬಳಕೆಯಲ್ಲಿ ಒಂದು ವಿಶೇಷವುಂಟು. ಅದನ್ನು ಯಾರೂ ತಮ್ಮ ಸ್ವಂತ ಕಾಲಕ್ಕೆ ಹೇಳಿಕೊಳ್ಳುವುದಿಲ್ಲ. ಹದಿನಾಲ್ಕನೆಯ ಶತಮಾನದ ನಡುಭಾಗದ ಹೊತ್ತಿಗೆ ಹೊಯ್ಸಳರ ಆಳಿಕೆ ಮುಗಿದಿತ್ತು. ಇಳಿದ ಮೇಲೆ ಹಿಂದಿರುಗಿ ನೋಡಿದವರು ಮಾತ್ರ ಎತ್ತರ ಯಾವುದಾಗಿತ್ತೆಂದು ಗುರುತಿಸಬಲ್ಲರು. 1196ರಲ್ಲಿ ಗುಡಿಯ ಮೇಲೆ ಕಲ್ಲಿಡುತ್ತಿದ್ದ ಶಿಲ್ಪಿಗೆ ತಾನು ಉಚ್ಛ್ರಾಯದಲ್ಲಿದ್ದೇನೆಂದು ತಿಳಿದಿರಲಾರದು.

ಆಧುನಿಕ ಕಾಲದ ಮಾತು ‘ಗರಿಷ್ಠ’. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ಅದರ ಮಟ್ಟ ದಿನದಿನವೂ ಪತ್ರಿಕೆಗಳಲ್ಲಿ ಬರುತ್ತದೆ. ಗರಿಷ್ಠಕ್ಕೂ ಹಕ್ಕಿಯ ಗರಿಗೂ ಯಾವ ನಂಟೂ ಇಲ್ಲ. ಭಾರವಾದುದು ಎಂಬ ಅರ್ಥದ ಗುರು ಶಬ್ದದಿಂದ ಬಂದುದು ಅದು. ಎಲ್ಲಕ್ಕಿಂತ ಭಾರವಾದುದು ಎಂದು ಅದರ ಮೂಲಾರ್ಥ. ಅಂಕಿಗಳಲ್ಲಿ ಅಳೆಯಬಹುದಾದ ಶಾಖ, ಅಂಕ, ದರ, ಮಟ್ಟಗಳಿಗೆ ಈ ಮಾತು ಬಹಳ ಒಪ್ಪುತ್ತದೆ. ಶೋಕಕ್ಕೂ ಸೌಂದರ್ಯಕ್ಕೂ ಒಪ್ಪುವುದಿಲ್ಲ. ಇನ್ನು ಕೆಮ್ಮಣ್ಣುಗುಂಡಿಯ ಹೆಸರು ಒಂದು ಚೋದ್ಯ. ಸುಮಾರು 1434 ಮೀಟರ್ ಎತ್ತರದಲ್ಲಿರುವ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ತಂಗುದಾಣವಾಗಿದ್ದ ಆ ಗಿರಿಧಾಮವನ್ನು ಕನ್ನಡಿಗರು ಇಂದಿಗೂ ಕೆಂಪು ಮಣ್ಣಿನ ಗುಂಡಿಯೆಂದೇ ಕರೆಯುತ್ತಾರೆ. ಅಲ್ಲಿಯ ಕಬ್ಬಿಣದ ಅದಿರನ್ನು ಅಗೆದು ಭದ್ರಾವತಿಯ ಕಾರ್ಖಾನೆಗೆ ಸಾಗಿಸುತ್ತಿದ್ದುದು ಉಂಟು. ಎತ್ತರವನ್ನು ಮುಟ್ಟಿ ‘ಗುಂಡಿಗೆ ಹೋಗಿದ್ದೆವು’ ಎನ್ನುವ ಜನ ಬೇರೆ ಕಡೆ ಸಿಕ್ಕುವುದು ಕಷ್ಟ.

ಗಿಡಮರಗಳ ತುದಿಗೆ ಇರುವ ಮಾತುಗಳು ಇನ್ನೂ ಸೂಕ್ಷ್ಮವಾದವು. ತುದಿಯ ತುದಿ ಎನ್ನಬೇಕಾದಾಗ ತುತ್ತತುದಿ ಎಂಬ ದ್ವಿರುಕ್ತಿಯಿದೆ. ಕಟ್ಟಕಡೆ, ನಟ್ಟನಡು ಎಂಬುವುಗಳಂತೆ ಇದೂ ಕನ್ನಡದ ಸ್ವಂತ ರಚನೆ. ಹಳೆಯ ಕನ್ನಡದಲ್ಲಿ ‘ಕೊನೆ’ ಎಂದರೂ ತುದಿಯೇ, ಮರದ ಕೊನೆಯೆಂದರೆ ಅದರ ನೆತ್ತಿ. ಕಾಲಕ್ರಮದಲ್ಲಿ ಆ ಮಾತಿಗೆ ಮುಗಿಯುವ ಜಾಗ, ಮುಗಿಯುವ ಸಮಯ ಎಂಬ ಅರ್ಥಗಳೇ ಪ್ರಬಲವಾದವು. ಮಲೆನಾಡಿನ ಹಲವು ಕಡೆಗಳಲ್ಲಿ ಅಡಿಕೆಯ ಗೊನೆಗೂ ಕೊನೆ ಎಂದೇ ಹೆಸರು. ಕೊಯ್ಲನ್ನು ಕೊನೆ ಕೊಯ್ಯುವುದು ಎನ್ನುತ್ತಾರೆ. ಹಗ್ಗದ ಬಳೆಗೆ ಕಾಲು ಸಿಕ್ಕಿಸಿ ಮರದ ತಲೆಗೆ ಹೋಗಿ ಕುಳಿತವನಿಗೆ ಕೊನೆಯೆಂಬುದು ಕೈಯಲ್ಲಿ ಹಿಡಿದ ಫಲ. ರಾಗಿಯ ತುದಿ ತೆನೆ. ಪೈರು ಹೊಡೆ ತುಂಬಿ ತೆನೆ ಒಡೆಯಿತು ಎಂಬ ಮಾತಿನಲ್ಲಿ, ಆ ಹೊತ್ತಿಗೆ ಸರಿಯಾಗಿ ಒಂದು ಮಳೆಯಾದರೂ ಬೀಳಲಿ ಎಂಬ ಆತಂಕವೂ ಸೇರಿರುತ್ತದೆ.

ತೆಂಗಿನ ತುದಿಗೆ ‘ಸುಳಿ’ ಎಂದು ಹೆಸರು. ಮಾವು, ಹಲಸುಗಳಿಗೆ ಕೊಂಬೆಕೊಂಬೆಯಲ್ಲಿಯೂ ಚಿಗುರುವ ಶಕ್ತಿಯುಂಟು. ತಲೆಯನ್ನು ಕಡಿದರೂ ಪಕ್ಕದಿಂದ ಮತ್ತೆ ಬೆಳೆಯುತ್ತವೆ. ತೆಂಗಿಗೆ ಇರುವುದು ಒಂದೇ ಮೊಳಕೆ. ಅದು ನೆತ್ತಿಯಲ್ಲಿ, ಎಳೆಯ ಗರಿಗಳ ನಡುವೆ, ಇನ್ನೂ ಬಿಚ್ಚದ ಬಿಳಿಯ ಎಲೆಯ ಬುಡದಲ್ಲಿ ಅಡಗಿರುತ್ತದೆ. ಹೊಸ ಗರಿ ಬರುವುದೂ ಅಲ್ಲಿಂದಲೇ, ಹೊಂಬಾಳೆಯ ಮೂಲವೂ ಅಲ್ಲಿಯೇ. ಸುಳಿಗೆ ಕೊಳೆ ಬಿದ್ದರೆ ಅಥವಾ ಹುಳು ಅದನ್ನು ಪೂರ್ತಿ ಕೊರೆದರೆ ಕಾಂಡ ಎಷ್ಟು ದಪ್ಪವಿದ್ದರೂ ಮರ ಉಳಿಯುವುದಿಲ್ಲ. ಕಡೂರಿನ ಬಯಲಿನಲ್ಲಿ ಮಳೆ ಸತತವಾಗಿ ಕೈಕೊಟ್ಟು, ಕೆರೆಗಳು ಕೋಡಿಯನ್ನು ಮರೆತು, ಕೊಳವೆಬಾವಿಗಳೂ ಬತ್ತಿದ ವರ್ಷಗಳಲ್ಲಿ ಕೆಳಗಿನ ಗರಿಗಳು ಒಂದೊಂದಾಗಿ ಜೋಲುತ್ತವೆ, ಹರಳು ಉದುರುತ್ತದೆ, ಕಾಯಿ ಸಣ್ಣದಾಗುತ್ತದೆ. ಆಗ ಬೆಳಗ್ಗೆ ತೋಟಕ್ಕೆ ಹೋದ ರೈತನು ಜೋತುಬಿದ್ದ ಗರಿಗಳನ್ನು ಲೆಕ್ಕಿಸುವುದಿಲ್ಲ. ಹಣೆಗೆ ಕೈ ಅಡ್ಡಹಿಡಿದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಸುಳಿ ನೆಟ್ಟಗಿದೆಯೇ ಎಂದು ನೋಡುತ್ತಾನೆ.